ಉಗ್ರಾಣದ ಭತ್ತ

"ಊರು ಹಿಡಿಯಾಕೆ ನಲವತ್ತು ನಕ್ಷೆ ಕೊಟ್ರು. ಹಿಡಿದ ಮೇಲೆ ಏನ್ಮಾಡ್ಬೇಕು ಅಂತ ಒಂದು ಚೀಟೀನೂ ಕೊಡ್ಲಿಲ್ಲ," ಎನ್ನುತ್ತ ಹಿಂದೂಪುರದ ಕ್ಯಾಪ್ಟನ್ ಆದಿನಾರಾಯಣ ವರದಿಯನ್ನು ಜಗಲಿಯ ಮೇಲೆ ಹರಡಿದ. ಬರ್ಮಾ ಯುದ್ಧ ಮುಗಿದು ವರ್ಷವಾಗಿತ್ತು. ಮೇಲಧಿಕಾರಿಗಳ ಮೇಲಿನ ಆ ದೂರಿಗೆ ಕುಂದುರ್ಪಿಯ ಸುಬೇದಾರ್ ಉಜ್ಜಿನಪ್ಪನ ರುಜುವೂ ಬೇಕೆಂದು ಅವನ ಮನೆಗೇ ಬಂದಿದ್ದ.

"ನಿಜ ಸಾಹೇಬ್ರೆ. ಆ ಜನ ಏನು ತಿಂತಾರೆ ಅಂತ ಯಾವನೂ ಯೋಚ್ನೆ ಮಾಡಿರ್ಲಿಲ್ಲ," ಎಂದ ಉಜ್ಜಿನಪ್ಪ ದಣಿದ ದನಿಯಲ್ಲಿ.

"ನೀವೊಬ್ರೇ ಮಾಡಿದ್ದು ಸುಬೇದಾರ್‌ಗಾರು. ಆ ಊರಿನ ಉಗ್ರಾಣದ ಬೀಗ ಒಡೆಸಿ ಜನಕ್ಕೆ ಭತ್ತ ಹಂಚಿದ್ರಲ್ಲ, ಅದನ್ನೂ ಬರ್ದಿದೀನಿ."

ಉಜ್ಜಿನಪ್ಪ ಪೆನ್ನು ತೆಗೆದುಕೊಂಡ. ಅಂಗಳದಲ್ಲಿ ಅವನ ಅಕ್ಕ ವೀರಭದ್ರಮ್ಮ ಬಿತ್ತನೆಗೆಂದು ಎತ್ತಿಟ್ಟಿದ್ದ ತೊಗರಿಯನ್ನು ಮಡಕೆಯಿಂದ ಮೊರಕ್ಕೆ ಸುರಿದು ಕೇರತೊಡಗಿದಳು. ಹುಳ ಬೀಳದಿರಲೆಂದು ಬೆರೆಸಿದ್ದ ಬೂದಿ ಹಾರಿಬಂದು ವರದಿಯ ಮೇಲೆ ಕೂತಿತು. ಒರೆಸಲು ಹೋದ ಉಜ್ಜಿನಪ್ಪ, ಬೆರಳಿಗಂಟಿದ ಬೂದಿಯನ್ನೇ ನೋಡುತ್ತ ಕೂತುಬಿಟ್ಟ.

"ಆ ಭತ್ತದಾಗೂ ಬೂದಿ ಇತ್ತು ಸಾಹೇಬ್ರೆ," ಎಂದ ಕೊನೆಗೆ. "ಅದು ಅವ್ರು ಬಿತ್ತನೆಗೆ ಇಟ್ಕೊಂಡಿದ್ದು. ಕೊಳಕು ಅಂತ ನಾನೇ ಜರಡಿ ಹಿಡಿಸ್ದೆ. ಒಬ್ಬ ಮುದುಕಿ ಕಾಲು ಹಿಡ್ಕೊಂಡು ಅಳ್ತಿದ್ಲು. ಅನ್ನ ಕೊಟ್ಟೆ ಅಂತ ಅಡ್ಡ ಬೀಳ್ತಾವ್ಳೆ ಅಂದ್ಕೊಂಡಿದ್ದೆ."