ಗುರುವಾರದ ಅಣಕು ಕಳ್ಳತನ

ಬೀಗ ಅರ್ಧ ನಿಮಿಷದಲ್ಲಿ ಬಾಯಿಬಿಟ್ಟಿತು.

ಎದುರಿನ ಇಸ್ತ್ರಿ ಅಂಗಡಿಯಲ್ಲಿ, ತೂಗುಹಾಕಿದ ಅಂಗಿಗಳ ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡರು. ಒಂಬತ್ತೂವರೆ. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಾರೆ ಮಕ್ಕಳು. ಅವರ ಎದೆ ಉಬ್ಬಿತು, ಮರುಕ್ಷಣ ತುಸು ಕುಗ್ಗಿತು. ಒಡೆದದ್ದು ಇನ್‌ಸ್ಪೆಕ್ಟರರ ಸ್ವಂತ ಮನೆಯ ಬೀಗ.

ಠಾಣೆಯಲ್ಲಿ ಅವರು ಇನ್‌ಸ್ಪೆಕ್ಟರ್. ಹಳೇ ಗೋದಾಮಿನ ಯುವಸಂಘದಲ್ಲಿ ಸೀಟಿ ಮಾಮ. ಆರು ವರ್ಷದ ಹಿಂದೆ ಸೈಕಲ್ ಕದ್ದು ಸಿಕ್ಕಿಬಿದ್ದ ನಾಲ್ವರ ಕೈಗೆ ಒಂದು ಫುಟ್‌ಬಾಲ್ ಕೊಟ್ಟು ಮೈದಾನಕ್ಕೆ ಅಟ್ಟಿದ್ದರು. ಈಗ ಸಂಘದಲ್ಲಿ ಅರವತ್ತು ಮಂದಿ. ಸಂಜೆ ಆಟ, ಆಟವಾದ ಮೇಲೆ ಪಾಠ. ಪರೀಕ್ಷೆಯ ದಿನ ಅರವತ್ತು ಜನರಿಗೂ ಇವರೇ ಪೆನ್ನು ಹಂಚುತ್ತಿದ್ದರು.

ಮೇಲಧಿಕಾರಿಗೆ ಮಾತ್ರ ಇದು ಹಿಡಿಸಿರಲಿಲ್ಲ. "ಅವರ ಕೈ ಸುಮ್ಮನಿರಲ್ಲ ಕಣ್ರಿ. ಒಂದು ದಿನ ನಿಮಗೇ ಟೋಪಿ ಹಾಕ್ತಾರೆ. ಜನಕ್ಕೆ ಉಪಯೋಗ ಆಗೋದು ಏನಾದ್ರೂ ಮಾಡಿ ತೋರಿಸಿ. ಇಲ್ಲಾಂದ್ರೆ ಆ ಗೋದಾಮು ಖಾಲಿ ಮಾಡಿಸ್ತೀನಿ."

ಹಾಗೆ ಹುಟ್ಟಿದ್ದು ಅಣಕು ಕಳ್ಳತನ. ಸಂಘದ ನಾಲ್ವರು ಮುಖ ಮುಚ್ಚಿಕೊಂಡು ಒಂದು ಮನೆ ಕದಿಯಬೇಕು. ಕಳ್ಳರನ್ನು ಗುರುತಿಸುವ ಅಭ್ಯಾಸಕ್ಕೆ ಬೀದಿಯವರು ಕಂಡದ್ದನ್ನೆಲ್ಲ ಬರೆದುಕೊಳ್ಳಬೇಕು. ಊಟದ ಹೊತ್ತಿಗೆ ಸಾಮಾನು ವಾಪಸ್ ಬರುತ್ತದೆ. ಈ ಪುಣ್ಯಕಾರ್ಯಕ್ಕೆ ಬೀದಿಯಲ್ಲಿ ಒಬ್ಬರೂ ಮನೆ ಕೊಡಲಿಲ್ಲ.

"ಅದಕ್ಕೆ ನಮ್ಮನೇನೇ ಸಿಕ್ತಾ?" ಎಂದಿದ್ದರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಡದಿ. "ಬೀಗದ ಕೈನಾದ್ರೂ ಕೊಡಿ ಅವರಿಗೆ."

"ಬೀಗದ ಕೈ ಕೊಟ್ರೆ ಅದನ್ನ ನೆಂಟಸ್ತನ ಅಂತಾರೆ."

ಮಕ್ಕಳಿಗೆ ಎಲ್ಲಿ ಏಟು ಬೀಳುತ್ತದೋ ಎಂಬ ಭಯ ಬೇರೆ. ವಾರದ ಹಿಂದೆಯೇ ಊರಿನ ಕಂಬಕಂಬಕ್ಕೂ ಚೀಟಿ ಅಂಟಿಸಿದ್ದರು: 'ಗುರುವಾರ ಬೆಳಗ್ಗೆ ಹತ್ತಕ್ಕೆ ಹಸಿರು ಗೇಟಿನ ಮನೆಯಲ್ಲಿ ಅಣಕು ಕಳ್ಳತನ. ಯಾರೂ ಗಾಬರಿಯಾಗಬಾರದು, ಅಡ್ಡ ಬರಬಾರದು, ಹೊಡೆಯಬಾರದು.'

ಬೀದಿಯವರು ಚಾಚೂ ತಪ್ಪದೆ ಪಾಲಿಸಿದರು. ಬೆಳಗ್ಗೆ ಒಂಬತ್ತಕ್ಕೇ ಬಾಗಿಲುಗಳಲ್ಲಿ ಕುರ್ಚಿ ಬಿದ್ದಿದ್ದವು. ಪಕ್ಕದ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತಿದ್ದರು.

"ನಿಧಾನ ಕಣ್ರಪ್ಪಾ," ಎಂದರು ಟಿವಿ ಹೊತ್ತ ಮುಸುಕಿನವನಿಗೆ. "ಎಷ್ಟು ಇಂಚು ಅಂತ ಬರ್ಕೋಬೇಕು."

ಕಳ್ಳ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಟಿವಿಯನ್ನು ಅವರತ್ತ ತಿರುಗಿಸಿ ತೋರಿಸಿ ಹೋದ.

"ಏನು ವಿನಯ," ಎಂದರು ಅವರು ಬರೆಯುತ್ತಲೇ.

ಇಸ್ತ್ರಿಯವನೂ ತಲೆದೂಗಿದ. "ಪಳಗಿದ ಕೈ ಸಾರ್. ಹುಟ್ಟಾ ಕಳ್ಳರೂ ಇಷ್ಟು ಸಲೀಸಾಗಿ ಮಾಡಲ್ಲ."

ಇನ್‌ಸ್ಪೆಕ್ಟರಿಗೆ ಈ ಹೊಗಳಿಕೆ ರುಚಿಸಲಿಲ್ಲ. ಚೆಂಡು ಒದೆಯುವುದು ತಾನು ಕಲಿಸಿದ್ದು. ಬೀಗ ಒಡೆಯುವುದನ್ನು ಕಲಿಸಿದವರು ಯಾರು? ಮಕ್ಕಳಿಗೆ ಕೊಟ್ಟಿದ್ದ ಪಟ್ಟಿಯಲ್ಲಿ ಇದ್ದದ್ದು ಟಿವಿ, ಮಿಕ್ಸರ್, ಒಂದು ಸೂಟ್‌ಕೇಸ್. ಈಗ ಹೊಲಿಗೆ ಯಂತ್ರ ಬಂತು. ಹಾಸಿಗೆ ಬಂತು. ಗೋಡೆ ಗಡಿಯಾರವೂ ಬಂತು. ಹಾಸಿಗೆ ಹೊತ್ತವರ ಮೈಕಟ್ಟು ನೋಡಿದರು. ಗೋಲ್‌ಕೀಪರ್ ಹುಡುಗಿ ಇಷ್ಟು ದಪ್ಪ ಯಾವಾಗ ಆದಳು? ಗುರುತು ಸಿಗದಿರಲೆಂದು ಒಳಗೆ ಎರಡು ಸ್ವೆಟರ್ ಹಾಕಿರಬೇಕು, ಜಾಣೆ.

ಮೇಲಧಿಕಾರಿಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಈ ಮಕ್ಕಳು ಸಾಮಾನು ಹೇರಿಕೊಂಡು ಹಾಗೇ ಹೋಗಿಬಿಟ್ಟರೆ? ಛೆ, ಆರು ವರ್ಷ ಅನ್ನ ಹಂಚಿಕೊಂಡು ತಿಂದವರ ಮೇಲೆ ಇದೆಂಥ ಯೋಚನೆ. ತಮ್ಮ ಮೇಲೆ ತಮಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಫ್ರಿಜ್ ಗೇಟಿನಲ್ಲಿ ಸಿಕ್ಕಿಕೊಂಡಿತು. ತಡೆಯಲಾಗದೆ ಇನ್‌ಸ್ಪೆಕ್ಟರ್ ಓಡಿಬಂದು ಒಂದು ಮೂಲೆಗೆ ಭುಜ ಕೊಟ್ಟರು.

"ಬಾಗಿಲು ಗೀರಬೇಡ್ರೋ. ನಿಮ್ಮತ್ತೆ ನನ್ನ ಚರ್ಮ ಸುಲೀತಾಳೆ."

ಹಿಂದಿನಿಂದ ಒಂದು ದಪ್ಪ ದನಿ ಬಂತು. "ಬಹಳ ಉಪಕಾರ ಆಯ್ತು ಸಾರ್."

"ಮಾತಾಡಬಾರದು ಅಂದಿದ್ದೆ ತಾನೇ? ಎರಡು ಅಂಕ ಕಟ್."

ಇಸ್ತ್ರಿಯವನೂ ಕೈಜೋಡಿಸಿದ. ಫ್ರಿಜ್ ಗೇಟಿನ ಮುಂದಿದ್ದ ವ್ಯಾನು ಸೇರಿತು. ಹೆಸರು ಬರೆದ ಸಂಘದ ವ್ಯಾನು ಬಿಟ್ಟು ಬಾಡಿಗೆಯದು ತಂದಿದ್ದಾರೆ, ಜಾಣರು. ಬೀದಿಯ ತುದಿಯಲ್ಲಿ ಬಸ್ಸು, ಲಾರಿಗಳ ಸಾಲು. ನಂಬಿದ ಮೇಲೆ ಪೂರ್ತಿ ನಂಬಬೇಕು ಎಂದುಕೊಂಡ ಇನ್‌ಸ್ಪೆಕ್ಟರ್ ನಡುರಸ್ತೆಗೆ ಹೋಗಿ ಸೀಟಿ ಊದಿದರು. ಎರಡೂ ಕಡೆ ವಾಹನಗಳು ನಿಂತವು. ವ್ಯಾನು ರಾಜಗಾಂಭೀರ್ಯದಿಂದ ತಿರುವು ದಾಟಿತು. ಕಿಟಕಿಯಿಂದ ಒಂದು ಕೈ ಹೊರಬಂದು ಸೆಲ್ಯೂಟ್ ಹೊಡೆಯಿತು. ಇವರೂ ಹೊಡೆದರು.

ಬೀದಿಯವರು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಮೇಲಧಿಕಾರಿಗೆ ಫೋನ್ ಮಾಡಿದರು.

"ಮುಗೀತು ಸಾರ್. ಇಪ್ಪತ್ತೈದೇ ನಿಮಿಷ. ಮನೆ ಗುಡಿಸಿ ಇಟ್ಟ ಹಾಗಿದೆ."

"ವಾಪಸ್ ಬರ್ತಾರೇನ್ರಿ?"

"ನನ್ನ ಮಕ್ಕಳು ಸಾರ್. ಬಂದೇ ಬರ್ತಾರೆ."

ಬಂದೇ ಬಂದರು. ಫೋನ್ ಜೇಬಿಗಿಳಿಯುವ ಮೊದಲೇ, ಸಂಘದ ಹೆಸರು ಬರೆದಿದ್ದ ಹಳೇ ವ್ಯಾನು ಕೆಮ್ಮುತ್ತ ಬಂದು ಹಸಿರು ಗೇಟಿನ ಮುಂದೆ ನಿಂತಿತು. ನಾಲ್ವರು ಮುಸುಕುಧಾರಿಗಳು ಇಳಿದು ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಗೋಲ್‌ಕೀಪರ್ ಹುಡುಗಿ ಮುಸುಕು ಮೇಲೆತ್ತಿಕೊಂಡು ಹೊರಬಂದಳು. ಕಡ್ಡಿಯಂಥ ಹುಡುಗಿ.

"ಮಾಮ," ಎಂದಳು, "ಕದಿಯೋಕೆ ಒಳಗೆ ಏನೂ ಇಲ್ವಲ್ಲ?"