ಶ್ರೇಷ್ಠ ಆಟಗಾರನ ಆಯ್ಕೆ

ಕಬಡ್ಡಿ ಪಂದ್ಯಾವಳಿಯ ಶ್ರೇಷ್ಠ ಆಟಗಾರನಿಗೆ ಟಗರು ಬಹುಮಾನ ಎಂದು ಸುತ್ತಲಿನ ಊರುಗಳಿಗೆಲ್ಲ ಸಾರಿದ್ದರು. ಫೈನಲ್ ಮುಗಿದ ಮಧ್ಯಾಹ್ನ, ಜನ್ಮದಲ್ಲಿ ಒಮ್ಮೆಯೂ ಅಂಕಣಕ್ಕಿಳಿಯದ ಸಮಿತಿಯವರು ಶಾಮಿಯಾನದ ಹಿಂದೆ ಊಟಕ್ಕೆ ಕೂತಿದ್ದರು. ಗೆದ್ದ ತಂಡದ ಕೋಚ್ ನುಗ್ಗಿ ಬಂದ.

"ಅಧ್ಯಕ್ಷರೇ, ಇನ್ನೂ ಹೆಸರು ಕೂಗಿಲ್ವಲ್ಲ? ಅರ್ಧಕ್ಕರ್ಧ ಪಾಯಿಂಟು ತಂದೋನು ನಮ್ಮ ಕೆಂಡಗಣ್ಣ. ಅವನ್ನ ಬಿಟ್ರೆ ಇನ್ಯಾರಿದಾರೆ?"

"ಅವನಾ?" ಅಧ್ಯಕ್ಷ ಮೂಗು ಮುರಿದ. "ಅವನು ರೇಡಿಗೆ ಹೋದ್ರೆ ಕಳ್ದೋದ ಚಪ್ಪಲಿ ಹುಡುಕ್ದಂಗಿರ್ತದೆ."

ಉಳಿದವರು ಎಲೆಯ ಮೇಲೆ ಬಾಗಿ ಕಿಸಕ್ಕನೆ ನಕ್ಕರು.

"ಹೋಗ್ಲಿ, ಸೋತ ತಂಡದ ಶಿವಮಾದೂಗಾದ್ರೂ ಕೊಡಿ. ಹಿಡಿದ್ರೆ ಬಿಡೋ ಆಸಾಮಿ ಅಲ್ಲ ಅವನು."

"ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಲ್ಲೋರು ಅವನಿಗಿಂತ ವಾಸಿ. ಈ ಸಲ ಬಹುಮಾನದ ಯೋಗ್ಯತೆ ಇರೋನು ಒಬ್ಬನೂ ಇಲ್ಲ. ಹಂಗಂತಲೇ ಮೈಕಲ್ಲಿ ಹೇಳ್ತೀವಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ!"

"ಹಸಿದ ಹೊಟ್ಟೇಲಿ ಜಗಳ ಯಾಕೆ ಮೇಷ್ಟ್ರೇ? ಮೊದ್ಲು ಉಣ್ಣಿ."

ಬೆಳಗ್ಗಿನಿಂದ ಏನೂ ತಿನ್ನದ ಕೋಚ್ ಗೊಣಗುತ್ತಲೇ ಕೂತ. ಮುದ್ದೆಯ ಮೇಲೆ ಎರಡನೇ ಸಲ ಸಾರು ಬಿಡಿಸಿಕೊಳ್ಳುವ ಹೊತ್ತಿಗೆ ಅವನ ದನಿ ತಗ್ಗಿತ್ತು.

"ನಿಜ ಹೇಳ್ಬೇಕಂದ್ರೆ, ಕೆಂಡಗಣ್ಣನೂ ಅಷ್ಟಕ್ಕಷ್ಟೆ," ಎನ್ನುತ್ತ ಮೂಳೆ ಚೀಪಿದ.

ಅಷ್ಟರಲ್ಲಿ ಅಡುಗೆಯವನು ಒಲೆಯ ಕಡೆಯಿಂದ ಒಂದು ಕೆಂಪು ಪಟ್ಟಿ ಹಿಡಿದು ಬಂದ.

"ಅಣ್ಣಾ, ಟಗರಿನ ಕೊರಳಿಗೆ 'ಶ್ರೇಷ್ಠ ಆಟಗಾರನಿಗೆ' ಅಂತ ಕಟ್ಟಿದ್ರಲ್ಲ, ಇದನ್ನೇನು ಮಾಡ್ಲಿ?"