ಬಾಗಿಲಲ್ಲಿ ಜ್ವರ

ತೂಕ ಕಡಿಮೆಯಿದ್ದ ಹಸುಗೂಸುಗಳ ವಾರ್ಡಿನ ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಒಳಗೆ ಹೋಗುವವರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುತ್ತಿದ್ದಳು. ಈಗ ಒಬ್ಬ ಅಜ್ಜಿಯ ಸರದಿ.

"ನೂರು ಡಿಗ್ರಿ ಇದೆ ಅಜ್ಜಿ. ಒಳಗೆ ಬಿಡಲ್ಲ."

"ಮೊಮ್ಮಗು ಹುಟ್ಟಿ ಒಂಬತ್ತು ದಿನ ಆಯ್ತು ಕಣವ್ವ, ಇನ್ನೂ ಮುಖ ನೋಡಿಲ್ಲ. ದೂರದಿಂದಲೇ ನೋಡ್ತೀನಿ."

"ನಿಮ್ಮ ಜ್ವರ ಆ ಕೂಸಿಗೆ ಅಂಟಿದ್ರೆ ಅದು ಉಳಿಯುತ್ತಾ? ಹೋಗಿ, ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ."

ಅಷ್ಟು ಹೇಳುವಷ್ಟರಲ್ಲಿ ನರ್ಸಿಗೆ ಮಾಸ್ಕಿನೊಳಗೇ ಕೆಮ್ಮು ಬಂತು. ತಡೆದಷ್ಟೂ ಜಾಸ್ತಿಯಾಗಿ, ಬಾಗಿಲು ಹಿಡಿದು ನಿಂತಳು. ಅಜ್ಜಿ ಅವಳ ಕೈಯಿಂದ ಯಂತ್ರ ಕಿತ್ತುಕೊಂಡು, ಅವಳ ಹಣೆಗೇ ಹಿಡಿದು ಗುಂಡಿ ಒತ್ತಿದಳು.

"ನೂರಾ ಎರಡು! ನಂಗಿಂತ ಜಾಸ್ತಿ!"

"ರಜೆ ಕೇಳಿದೆ ಅಜ್ಜಿ. ಬೇರೆ ಯಾರೂ ಇಲ್ಲ, ಮಾಸ್ಕ್ ಹಾಕ್ಕೊಂಡು ಬಾ ಅಂದ್ರು."

ಒಳಗಿನಿಂದ ಹೆಡ್ ನರ್ಸ್ ಕೂಗಿದರು: "ಎಲ್ಲಿದ್ದೀಯ? ಕೂಸುಗಳಿಗೆ ಹಾಲು ಕುಡಿಸೋ ಹೊತ್ತಾಯ್ತು, ಬೇಗ ಬಾ!"

ನರ್ಸ್ ಒಳಗೆ ಹೆಜ್ಜೆಯಿಡುವ ಮೊದಲೇ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನಡಿ ತಾಯಿ, ಬೆಂಚಿನಲ್ಲಿ ಇಬ್ಬರಿಗೂ ಜಾಗ ಇದೆ."